ನನ್ನ ಸರಾಸರಿ 31

ನಮ್ಮ ಕಾಲೇಜು ಕ್ರಿಕೆಟ್ ತಂಡದ ಸ್ಕೋರ್ ಬರೆಯುವವನು ನಾನು. ಅಬ್ಬಾ ಕಿರಾಣಿ ಅಂಗಡಿಯ ಉದ್ರಿ ಬರೆಯಲು ತಂದಿಟ್ಟಿದ್ದ ಉದ್ದನೆಯ ವಹಿಗಳಲ್ಲಿ ಒಂದನ್ನು ಕೇಳದೇ ಎತ್ತಿಕೊಂಡು ಬಂದು, ಸ್ಕೇಲ್ ಹಿಡಿದು ಗೆರೆ ಎಳೆದು, ಎಲ್ಲರ ರನ್, ಆಡಿದ ಚೆಂಡು, ಔಟಾದ ಬಗೆ ಎಲ್ಲ ಅದರಲ್ಲಿ ಬರೆದಿದ್ದೇನೆ. ತಂಡದಲ್ಲಿ ಎಂಟನೆಯವನಾಗಿ ಬ್ಯಾಟ್ ಹಿಡಿದು ಹೋಗುವವನೂ ನಾನೇ. ರೊಕ್ಕ ಮುಟ್ಟುವವನ ಕೈಯಲ್ಲಿ ಲೆಕ್ಕದ ಪುಸ್ತಕ ಕೊಡಬಾರದು ಅಂತ ಅಬ್ಬಾ ಯಾವಾಗಲೂ ಹೇಳುತ್ತಾರೆ. ಅದು ಅಂಗಡಿಯ ಮಾತು, ನಮಗೇನು ಅಂದುಕೊಂಡಿದ್ದೆ.

ಕಾಲೇಜು ಬಿಟ್ಟ ಮೇಲೆ ಹೂವಿನ ಹಿಪ್ಪರಗಿಯ ಬಸ್ ನಿಲ್ದಾಣದ ಹತ್ತಿರ ನಮ್ಮ ಗುಂಪು ಸೇರುತ್ತದೆ. ಹಳ್ಳಿಗಳಿಂದ ಬರುವ ಗೆಳೆಯರಿಗೆ ಬಸ್ ಸಿಗುವ ತನಕ ಚಹಾ ಮತ್ತು ಜಗಳ. ನಮ್ಮ ಮನೆಯಲ್ಲಿ ಉರ್ದು ಮಾತಾಡುತ್ತೇವೆ. ಕನ್ನಡ ಓದುವುದನ್ನು ಶಾಲೆಯಲ್ಲಿ ಕಲಿತೆ, ಆದರೆ ಕನ್ನಡದಲ್ಲಿ ಜಗಳ ಆಡುವುದನ್ನು ಕಲಿತದ್ದು ಈ ಚಹಾದಂಗಡಿಯ ಮುಂದೆ. ಕಳೆದ ವರ್ಷ ಪೂರ್ತಿ ಜಗಳದ ವಿಷಯ ಒಂದೇ: ಕರುಣ್ ನಾಯರ್.

2016ರ ಡಿಸೆಂಬರ್ 19ರಂದು ಚೆನ್ನೈಯಲ್ಲಿ ಇಂಗ್ಲೆಂಡ್ ವಿರುದ್ಧ ಆತ ಔಟಾಗದೆ 303 ಹೊಡೆದಾಗ ನಾನು ಸಣ್ಣವ. ಚಾಚಾನ ಮನೆಯ ಟಿ.ವಿ. ಮುಂದೆ ದೊಡ್ಡವರು ಎದ್ದು ನಿಂತದ್ದಷ್ಟೇ ನೆನಪು. ಸೆಹ್ವಾಗ್ ನಂತರ ಟೆಸ್ಟ್‌ನಲ್ಲಿ ಮುನ್ನೂರು ದಾಟಿದ ಎರಡನೇ ಭಾರತೀಯ. ಮೊದಲ ಶತಕವನ್ನೇ ತ್ರಿಶತಕ ಮಾಡಿದವರು ಆತನಿಗಿಂತ ಮುಂಚೆ ಜಗತ್ತಿನಲ್ಲಿ ಇಬ್ಬರೇ, ಸೋಬರ್ಸ್ ಮತ್ತು ಬಾಬ್ ಸಿಂಪ್ಸನ್. ಅದೇ ಇನ್ನಿಂಗ್ಸ್‌ನಲ್ಲಿ ನಮ್ಮ ಕೆ.ಎಲ್. ರಾಹುಲ್ 199ಕ್ಕೆ ಔಟಾದದ್ದು ಬೇರೆ ಕಥೆ. ಮುಂದಿನ ಟೆಸ್ಟ್ ಬಾಂಗ್ಲಾದೇಶದ ವಿರುದ್ಧ ಹೈದರಾಬಾದಿನಲ್ಲಿ. ಗಾಯದಿಂದ ಗುಣವಾದ ರಹಾನೆ ಮರಳಿದ. 303 ಹೊಡೆದವನು ಹೊರಗೆ ಕೂತ.

"303 ಹೊಡದಾವನ್ನ ತಗದ್ರಲ್ಲೋ, ಇದು ಯಾವ ನ್ಯಾಯ?" ಎನ್ನುವುದು ನನ್ನ ಬೆಂಚಿನ ಗೆಳೆಯನ ಖಾಯಂ ವಾದ. ಆತ ನಮ್ಮ ತಂಡದ ಆರಂಭಿಕ ಬ್ಯಾಟ್ಸ್‌ಮನ್, ರೈತರ ಮಗ, ಕರುಣ್ ವಿಷಯ ಬಂದರೆ ಬಸ್ ಬಿಟ್ಟರೂ ಬಿಡುವವನು. ಆತನ ಆಧಾರ ಒಂದೇ ಅಂಕಿ: 2017ರಲ್ಲಿ ಕೈಬಿಟ್ಟಾಗ ಕರುಣ್ ಸರಾಸರಿ 62.33.

ನಾನು ವಿರುದ್ಧ ಪಾರ್ಟಿ. ನನ್ನ ಹತ್ತಿರ ಎಲ್ಲ ಏಳು ಇನ್ನಿಂಗ್ಸ್ ಇದ್ದವು: 4, 13, ಔಟಾಗದೆ 303, 26, 0, 23, 5. ಒಟ್ಟು 374. ಒಮ್ಮೆ ಔಟಾಗಿಲ್ಲ, ಹಾಗಾಗಿ 6ರಿಂದ ಭಾಗಿಸಿದರೆ 62.33 ಸರಿ. ಆದರೆ ಆ 303 ತೆಗೆದಿಡಿ, ಉಳಿದ ಆರರಲ್ಲಿ 71 ರನ್. ಸರಾಸರಿ 11.83! ನಮ್ಮ ಸಂಖ್ಯಾಶಾಸ್ತ್ರದ ಸರ್ ಇದನ್ನು ಕ್ಲಾಸಿಗೇ ತಂದರು. ಏಳನ್ನೂ ಸಣ್ಣದರಿಂದ ದೊಡ್ಡದಕ್ಕೆ ಬೋರ್ಡಿನ ಮೇಲೆ ಬರೆಸಿ ನಡುವಿನದನ್ನು ಕೇಳಿದರು. 13. "ಸರಾಸರಿ 62, ಮಧ್ಯಾಂಕ 13. ಎರಡೂ ಖರೇನ. ಒಂದನ್ನಷ್ಟ ಹೇಳಾವ ಏನೋ ಮಾರಾಕ ಬಂದಾನ ಅಂತ ತಿಳೀರಿ" ಅಂದರು. ಹುಡುಗಿಯರ ಸಾಲಿನಿಂದ ಒಬ್ಬಳು, "ಸರ್, 303 ಯಾಕ ತಗೀಬೇಕು? ಅದೂ ಅವ್ರs ಹೊಡದದ್ದಲ್ಲ?" ಅಂತ ಕೇಳಿದಳು. ಅದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ನನ್ನ ಹತ್ತಿರ ಈಗಲೂ ಇಲ್ಲ.

ಇಂಥ ಜಗಳ ನಮಗಿಂತ ಜೋರಾಗಿ ಅಮೆರಿಕದ ಬೇಸ್‌ಬಾಲ್‌ನವರು ಆಡುತ್ತಾರೆ ಅಂತಲೂ ಸರ್ ಹೇಳಿದರು. ಆ ಆಟಕ್ಕೆ ಅಂಕಿಗಳ ಪಟ್ಟಿ ಕಟ್ಟಿದ ಹೆನ್ರಿ ಚಾಡ್ವಿಕ್ ಇಂಗ್ಲೆಂಡಿನಲ್ಲಿ ಹುಟ್ಟಿದವನು, ಮೊದಲು ಕ್ರಿಕೆಟ್ ವರದಿ ಬರೆಯುತ್ತಿದ್ದವನು. ನೂರು ವರ್ಷ ಅವರೂ ಬ್ಯಾಟಿಂಗ್ ಸರಾಸರಿಯನ್ನೇ ನಂಬಿದರು. 1970ರ ದಶಕದಲ್ಲಿ ಬಿಲ್ ಜೇಮ್ಸ್ ಎಂಬ ಅಭಿಮಾನಿ, ಡಬ್ಬಿ ಆಹಾರದ ಕಾರ್ಖಾನೆಯಲ್ಲಿ ರಾತ್ರಿ ಕಾವಲು ಕಾಯುತ್ತ ಲೆಕ್ಕ ಹಾಕಿ, ಆ ಸರಾಸರಿ ಎಷ್ಟು ಸಂಗತಿ ಮುಚ್ಚಿಡುತ್ತದೆ ಅಂತ ಬರೆದು ತೋರಿಸಿದ. ಕಾವಲುಗಾರ! ಇದನ್ನು ಕೇಳಿ ನನಗೆ ನನ್ನ ವಹಿಯ ಮೇಲೆ ಇನ್ನಷ್ಟು ಅಭಿಮಾನ ಬಂತು.

ಆಮೇಲೆ ಕರುಣ್ ತಿರುಗಿ ಬಂದ. ಕರ್ನಾಟಕ ತಂಡವೂ ಕೈಬಿಟ್ಟ ಮೇಲೆ 2023ರಲ್ಲಿ ವಿದರ್ಭಕ್ಕೆ ಹೋಗಿದ್ದ. 2024-25ರ ವಿಜಯ್ ಹಜಾರೆ ಟ್ರೋಫಿಯಲ್ಲಿ 8 ಇನ್ನಿಂಗ್ಸ್, 779 ರನ್, ಸರಾಸರಿ 389.50. ಗೆಳೆಯ ಈ ಅಂಕಿಯನ್ನು ವಾರಗಟ್ಟಲೆ ಹೇಳಿದ. ಫೈನಲ್‌ನಲ್ಲಿ ನಮ್ಮ ಕರ್ನಾಟಕದ ವಿರುದ್ಧವೇ ಆಡಿ 27ಕ್ಕೆ ಔಟಾದಾಗ ಯಾರಿಗೆ ಖುಷಿಪಡಬೇಕೋ ಆತನಿಗೆ ತಿಳಿಯಲಿಲ್ಲ.

"389 ಅಂದ್ರ ಮನಷ್ಯಾ ಹೊಡಿಯೂದಲ್ಲಪಾ ಅದು" ಅಂದೆ. "ಎಂಟರಾಗ ಆರು ಸಲ ಔಟಾಗಿಲ್ಲ. ಎರಡರಿಂದ ಭಾಗಿಸ್ಯಾರ ಅಷ್ಟ."

"ಎಂಟರಿಂದ ಭಾಗಿಸಲೇ ಹಂಗಾದ್ರ!"

ಭಾಗಿಸಿದೆ. 97.37. ನಾನು ಸುಮ್ಮನಾದೆ. ಲೆಕ್ಕವನ್ನು ಯಾವ ಬದಿಯಿಂದ ಹಿಡಿದರೂ ಆ ಮನುಷ್ಯ ಚೆನ್ನಾಗಿಯೇ ಆಡಿದ್ದ.

ಇಷ್ಟೆಲ್ಲ ಗೊತ್ತಿದ್ದೂ ನಾನು ಮಾಡಿದ್ದನ್ನು ಈಗ ಹೇಳಬೇಕು.

ಬೇರೆ ಕಾಲೇಜುಗಳ ಜೊತೆ ಪಂದ್ಯ ಗೊತ್ತಾಯಿತು. ಒಂದು ಶುಕ್ರವಾರ ಜುಮ್ಮಾ ಮುಗಿಸಿ ಬಂದಾಗ ದೈಹಿಕ ಶಿಕ್ಷಣದ ಸರ್ ಕರೆದರು. ಹತ್ತು ಹೆಸರು ಆಗಿದ್ದವು. ಹನ್ನೊಂದನೆಯ ಜಾಗಕ್ಕೆ ನಾನೋ, ಗೆಳೆಯನೋ. "ನಿನ್ನ ವಹಿಯಿಂದ ಎಲ್ಲಾರ ಅಂಕಿ ಒಂದು ಹಾಳ್ಯಾಗ ಬರಕೊಂಡು ಬಾ" ಅಂದರು.

ಗೆಳೆಯ 9 ಇನ್ನಿಂಗ್ಸ್‌ನಲ್ಲಿ 142 ರನ್ ಮಾಡಿದ್ದ. ಹೊಸ ಚೆಂಡಿನ ಎದುರು ಹೋಗುವವನು, ಒಂಬತ್ತೂ ಸಲ ಔಟ್. ಸರಾಸರಿ 15.77. ನನ್ನದು 7 ಇನ್ನಿಂಗ್ಸ್, 62 ರನ್. ಎಂಟನೆಯವನಾಗಿ ಹೋಗಿ ಆಟ ಮುಗಿಯುವ ತನಕ ನಿಂತದ್ದರಿಂದ ಐದು ಸಲ ಔಟಾಗಿರಲಿಲ್ಲ. ಎರಡರಿಂದ ಭಾಗಿಸಿದರೆ 31. ಕರುಣ್ ಲೆಕ್ಕದಂತೆ ಇನ್ನಿಂಗ್ಸ್‌ನಿಂದ ಭಾಗಿಸಿದರೆ 8.85.

ಹಾಳೆಯಲ್ಲಿ ಎರಡೇ ಕಾಲಂ ಹಾಕಿದೆ: ಹೆಸರು, ಸರಾಸರಿ. ಒಂದೂ ಸುಳ್ಳು ಅಂಕಿ ಬರೆಯಲಿಲ್ಲ. ರಾತ್ರಿ ಅಡುಗೆಮನೆಯಲ್ಲಿ ಕೂತು ಅಂದವಾಗಿ ಬರೆಯುತ್ತಿದ್ದೆ. ಅಮ್ಮಿ ರೊಟ್ಟಿ ಬಡಿಯುತ್ತ, "ಕಿತ್ನಾ ಅಚ್ಛಾ ಲಿಖ್‌ತಾ ಮೇರಾ ಬೇಟಾ" ಅಂದರು.

ಪಟ್ಟಿಯಲ್ಲಿ ನನ್ನ ಹೆಸರು ಬಂತು. ಗೆಳೆಯ ಹನ್ನೆರಡನೆಯವನಾದ. ನನ್ನ ಬೆನ್ನು ತಟ್ಟಿ, "ಛಲೋ ಆತು ಬಿಡು" ಅಂದ.

ಪಂದ್ಯದ ದಿನ ನಾನು ಎಣಿಸದ ಒಂದು ಸಂಗತಿ ನಡೆಯಿತು. ಸರ್ ಆ ಹಾಳೆ ನೋಡಿಕೊಂಡು, "31 ಸರಾಸರಿ ಇದ್ದಾವ ಎಂಟನೇದಾಂವಾಗಿ ಯಾಕ ಹೋಗಬೇಕು? ನೀನ ಓಪನಿಂಗ್ ಹೋಗು" ಅಂದರು. ಹೊಸ ಚೆಂಡನ್ನು ನಾನು ಅಲ್ಲಿಯ ತನಕ ವಹಿಯಲ್ಲಷ್ಟೇ ಕಂಡಿದ್ದೆ. ಮೊದಲ ಚೆಂಡು ಕಿವಿಯ ಪಕ್ಕ ಹೋಯಿತು. ಎರಡನೆಯದು ಬ್ಯಾಟಿನ ಅಂಚಿಗೆ ತಾಗಿ ಎರಡು ರನ್. ಮೂರನೆಯದು ಕಾಣಲೇ ಇಲ್ಲ. ನಾಲ್ಕನೆಯದಕ್ಕೆ ನಡುವಿನ ಸ್ಟಂಪ್ ಬಿತ್ತು. ನಾವು ಸೋತೆವು. ನೀರಿನ ಬಾಟಲಿ ಹಿಡಿದು ಗೆರೆಯ ಹತ್ತಿರ ನಿಂತಿದ್ದ ಗೆಳೆಯನ ಮುಖ ನೋಡಲಾಗಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಆತನ ಪಕ್ಕ ಕೂತು ವಹಿ ತೆರೆದೆ. ಹೇಳಬೇಕಾದ್ದನ್ನು ಉರ್ದುವಿನಲ್ಲಿ ಯೋಚಿಸಿ ಕನ್ನಡದಲ್ಲಿ ಹೇಳುವಷ್ಟರಲ್ಲಿ ನಾಲಿಗೆ ತೊಡರಿತು. ನನ್ನ 62, ನನ್ನ 7, ನನ್ನ 5 ತೋರಿಸಿದೆ.

"ಗೊತ್ತೈತಿ" ಅಂದ. "ನಿನ್ನ ವಹಿ ಓದಾಕ ನನಗೂ ಬರತೈತಿ. ಪಟ್ಟಿ ಹಚ್ಚಿದ ದಿನಾನ ಭಾಗಿಸಿ ನೋಡಿನಿ."

"ಮತ್ತ ಸರ್‌ಗೆ ಯಾಕ ಹೇಳಲಿಲ್ಲ?"

"ನೀ ಹೇಳ್ತಿ ಅಂತ ಕುಂತಿದ್ನಿ."

ಆಮೇಲೆ ಊರು ಬರುವ ತನಕ ಇಬ್ಬರೂ ಕಿಟಕಿಯಾಚೆ ತೊಗರಿ ಹೊಲ ನೋಡುತ್ತ ಕೂತೆವು.

ಮರುದಿನ ಸರ್‌ಗೆ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಒರೆಸಿ, "ನಾನೂ ಪೂರಾ ವಹಿ ಕೇಳಬೇಕಿತ್ತು" ಅಂದರು. ಅಬ್ಬಾನಿಗೆ ಹೇಳಿದಾಗ ಅವರು ಉದ್ರಿ ವಹಿ ತಿರುವಿ ತೋರಿಸಿದರು. ಬರಬೇಕಾದ ಬಾಕಿಯನ್ನೆಲ್ಲ ಬಂದ ರೊಕ್ಕ ಅಂತ ಕೂಡಿಸಿದರೆ ನಾನೂ ಸಾಹುಕಾರನೇ, ಅಂತ ನಕ್ಕರು. ಆಮೇಲೆ, ವಹಿಯ ಬೆಲೆ ಯಾವಾಗ ಕೊಡುತ್ತೀ ಅಂತಲೂ ಕೇಳಿದರು.

2025ರಲ್ಲಿ ಕರುಣ್‌ಗೆ ಇಂಗ್ಲೆಂಡಿನಲ್ಲಿ ಸಿಕ್ಕ ಅವಕಾಶದಲ್ಲಿ 8 ಇನ್ನಿಂಗ್ಸ್‌ಗೆ 205 ರನ್ ಬಂದವು. ಓವಲ್‌ನಲ್ಲಿ ಉಳಿದವರು ಪರದಾಡುವಾಗ 57 ಹೊಡೆದ. ಮುಂದಿನ ವೆಸ್ಟ್ ಇಂಡೀಸ್ ಸರಣಿಗೆ ಆತನನ್ನು ಬಿಟ್ಟು ನಮ್ಮವನೇ ಆದ ದೇವದತ್ತ ಪಡಿಕ್ಕಲ್‌ನನ್ನು ತೆಗೆದುಕೊಂಡರು. ಚಹಾದಂಗಡಿಯಲ್ಲಿ ಈಗ ಕನ್ನಡಿಗನ ಪರ ಒಂದು ಪಾರ್ಟಿ, ಕನ್ನಡಿಗನ ವಿರುದ್ಧ ಕನ್ನಡಿಗನ ಪರ ಇನ್ನೊಂದು. 303 ತೆಗೆದಿಡಬೇಕೋ ಬೇಡವೋ ಎನ್ನುವುದು ಇನ್ನೂ ಇತ್ಯರ್ಥವಾಗಿಲ್ಲ.

ವಹಿ ಈಗ ಗೆಳೆಯನ ಹತ್ತಿರ ಇದೆ. ಆತನ ಅಕ್ಷರ ಕೋಳಿ ಕೆದರಿದ ಹಾಗೆ. ಕಳೆದ ವಾರ ನಮ್ಮೊಳಗೇ ಆಡಿದ ಆಟದಲ್ಲಿ ನಾನು ಎಂಟನೆಯವನಾಗಿ ಹೋಗಿ ಔಟಾಗದೆ 4 ಮಾಡಿದೆ. ನನ್ನ ಹೆಸರಿನ ಮುಂದೆ 4 ಬರೆದು, ಅದರ ಪಕ್ಕದ ನಕ್ಷತ್ರದ ಗುರುತನ್ನು ಬೇಕಂತಲೇ ಅಂಗೈ ಅಗಲ ಮಾಡಿದ್ದಾನೆ.