ಮೂವತ್ತನೆಯ ಹೆಸರು

ಯೊಕೊಹಾಮಾದ ಆ ಪುಟ್ಟ ಫ್ಲಾಟಿನ ಊಟದ ಮೇಜಿನ ಮೇಲೆ ಗಣಿತದ ನೋಟ್‌ಬುಕ್ಕು ತೆರೆದಿತ್ತು. ಚಳಿಗಾಲದ ರಜೆ ಮುಗಿಯುತ್ತಾ ಬಂದಿದೆ, ಮಗ ಕೊನೆಗೂ ಲೆಕ್ಕಕ್ಕೆ ಕುಳಿತ ಎಂದು ತಂದೆಗೆ ಸಮಾಧಾನವಾಯಿತು. ಹತ್ತಿರ ಹೋಗಿ ಬಗ್ಗಿ ನೋಡಿದರೆ, ಹುಡುಗ ಕೊನೆಯ ಪುಟದಲ್ಲಿ ಒಂದರಿಂದ ಮೂವತ್ತರವರೆಗೆ ಅಂಕಿ ಹಾಕಿ ಅವುಗಳ ಮುಂದೆ ಹೆಸರು ಬರೆಯುತ್ತಿದ್ದಾನೆ! 2023ರ ಮಾರ್ಚ್‌ನಲ್ಲಿ ನಡೆಯಲಿದ್ದ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್ ಪಂದ್ಯಾವಳಿಗೆ ಜಪಾನ್ ಯಾರನ್ನೆಲ್ಲ ಕಳಿಸಬಹುದು ಎಂಬ ಊಹೆ ಅದು.

ಗದರಲು ಬಾಯಿ ತೆರೆದ ತಂದೆ ಸುಮ್ಮನಾದರು. ಶಿವಮೊಗ್ಗದಲ್ಲಿ ಓದುವಾಗ ಅವರ ನೋಟ್‌ಬುಕ್ಕುಗಳ ಕೊನೆಯ ಪುಟಗಳೂ ಹೀಗೇ ತುಂಬುತ್ತಿದ್ದವು. 2003ರ ಕ್ರಿಕೆಟ್ ವಿಶ್ವಕಪ್ ತಂಡದಲ್ಲಿ ವಿ.ವಿ.ಎಸ್. ಲಕ್ಷ್ಮಣ್ ಹೆಸರಿಲ್ಲವೆಂದು ಹಾಸ್ಟೆಲಿನಲ್ಲಿ ಮಧ್ಯರಾತ್ರಿಯವರೆಗೆ ವಾದ ಮಾಡಿದ್ದವರು ಅವರು. ರಾಹುಲ್ ದ್ರಾವಿಡ್ ಕೈಗೆ ಕೀಪಿಂಗ್ ಗ್ಲೌಸು ಕೊಟ್ಟು ಇನ್ನೊಬ್ಬ ಬ್ಯಾಟ್ಸ್‌ಮನ್‌ಗೆ ಜಾಗ ಮಾಡಿಕೊಂಡ ಲೆಕ್ಕಾಚಾರ ಅವರಿಗೆ ಅರ್ಥವಾದದ್ದು ಭಾರತ ಫೈನಲ್ ತಲುಪಿದ ಮೇಲೆಯೇ. ಕುರ್ಚಿ ಎಳೆದುಕೊಂಡು ಕುಳಿತು, 'ಎಷ್ಟು ಹೆಸರು ಆಯ್ತೋ?' ಎಂದರು.

ಹನ್ನೆರಡು ಹೆಸರಿಗೆ ಊಹೆಯೇ ಬೇಕಿರಲಿಲ್ಲ. ಜನವರಿ 6ರಂದು ತಂಡದ ವ್ಯವಸ್ಥಾಪಕ ಹಿಡೆಕಿ ಕುರಿಯಾಮಾ ಅವುಗಳನ್ನು ಪ್ರಕಟಿಸಿದ್ದರು. ಶೋಹೇ ಓತಾನಿ, ಯೂ ದರ್ವಿಶ್, ರೋಕಿ ಸಾಸಾಕಿ, ಮುನೆತಾಕಾ ಮುರಕಾಮಿ, ಸೆಯಾ ಸುಜುಕಿ ಎಲ್ಲರೂ ಅದರಲ್ಲಿದ್ದರು. ಕೀಪರ್ ತಕುಯಾ ಕಾಯಿ ಹೆಸರು ಕೇಳಿ ಅಡುಗೆಮನೆಯಲ್ಲಿದ್ದ ತಾಯಿ, 'ಕಾಯಿಯೂ ಇದೆಯಾ ತಂಡದಲ್ಲಿ?' ಎಂದು ನಕ್ಕರು. ಉಳಿದದ್ದು ಹದಿನೆಂಟು ಜಾಗ.

'ಸುಮ್ಮನೆ ಒಳ್ಳೊಳ್ಳೆಯ ಹದಿನೆಂಟು ಜನರನ್ನು ಬರೆದರೆ ಆಗಲ್ವಾ?'

'ಆಗಲ್ಲ ಅಪ್ಪ' ಎಂದು ಹುಡುಗ ಮೇಷ್ಟ್ರ ಹಾಗೆ ವಿವರಿಸತೊಡಗಿದ. ಮೂವತ್ತು ಜನರಲ್ಲಿ ಕನಿಷ್ಠ ಹದಿನಾಲ್ಕು ಮಂದಿ ಪಿಚರ್‌ಗಳು, ಅಂದರೆ ಚೆಂಡೆಸೆಯುವವರು ಇರಲೇಬೇಕು. ಕೀಪರ್‌ಗಳು ಕನಿಷ್ಠ ಇಬ್ಬರು. ಮೊದಲ ಸುತ್ತಿನಲ್ಲಿ ಒಬ್ಬ ಪಿಚರ್ ಒಂದು ಪಂದ್ಯದಲ್ಲಿ 65ಕ್ಕಿಂತ ಹೆಚ್ಚು ಚೆಂಡು ಎಸೆಯುವಂತಿಲ್ಲ. ಐವತ್ತು ದಾಟಿದನೋ, ನಾಲ್ಕು ದಿನ ವಿಶ್ರಾಂತಿ. ಎಷ್ಟೇ ದೊಡ್ಡ ಹೆಸರಿನವನಾದರೂ ಒಬ್ಬನೇ ಪಂದ್ಯಾವಳಿಯನ್ನು ಹೊತ್ತು ಸಾಗಿಸಲಾರ. ಒಬ್ಬ ಮುಗಿಸಿದಲ್ಲಿಂದ ಮುಂದುವರಿಸುವವರು ಬೇಕು. ಕೊನೆಯ ಇನ್ನಿಂಗ್ಸ್‌ಗೆಂದೇ ಒಬ್ಬ ಬೇಕು. ಇಷ್ಟೆಲ್ಲ ಹೊಂದಿಸಿದ ಮೇಲೆ ಬ್ಯಾಟಿಂಗ್ ಮತ್ತು ಫೀಲ್ಡಿಂಗ್‌ಗೆ ಉಳಿಯುವ ಜಾಗ ಬಹಳ ಕಡಿಮೆ.

ತಂದೆ ಬೆರಗಾದರು. ಗಣಿತದಲ್ಲಿ ಎಡವುವ ಮಗ ಇಲ್ಲಿ ಒಂದು ಹೆಸರು ಸೇರಿಸುವ ಮೊದಲು ಯಾರನ್ನು ಬಿಡಬೇಕೆಂದು ಯೋಚಿಸುತ್ತಿದ್ದಾನೆ. ಜೊತೆಗೆ ಒಂದು ಸಂಕಟವೂ ಆಯಿತು. ಈ ಹುಡುಗನಿಗೆ ಪಟ್ಟಿಯಿಂದ ಹೊರಗುಳಿಯುವುದು ಏನೆಂದು ಚೆನ್ನಾಗಿ ಗೊತ್ತಿತ್ತು.

ಅವನು ಎಂಟನೇ ತರಗತಿ. ಶಾಲೆಯ ಬೇಸ್‌ಬಾಲ್ ತಂಡದಲ್ಲಿ ಎರಡು ವರ್ಷದಿಂದ ಬೆವರು ಸುರಿಸುತ್ತಿದ್ದ. ಟೂರ್ನಿಗೆ ಮುಂಚೆ ತರಬೇತುದಾರರು ಹುಡುಗರನ್ನೆಲ್ಲ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಹೆಸರನ್ನೇ ಕೂಗಿ, ಅಂಕಿ ಬರೆದ ಬಿಳಿ ಬಟ್ಟೆಯ ತುಂಡನ್ನು ಕೈಗೆ ಕೊಡುತ್ತಾರೆ. ಅದನ್ನು ಮನೆಗೆ ಒಯ್ದು ಅಂಗಿಯ ಬೆನ್ನಿಗೆ ಹೊಲಿಸಿಕೊಳ್ಳಬೇಕು. ಹಿಂದಿನ ಶರತ್ಕಾಲದಲ್ಲಿ ಒಂದರಿಂದ ಹದಿನೆಂಟರವರೆಗೆ ಹೆಸರು ಕೂಗಿ ಆಯಿತು. ಅವನ ಹೆಸರು ಬರಲಿಲ್ಲ. ಪಂದ್ಯದ ದಿನ ಗ್ಯಾಲರಿಯಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿ ಬಂದ. ಅಂಕಿ ಸಿಗಲಿಲ್ಲವೆಂದು ಮನೆಯಲ್ಲಿ ಹೇಳಿದ್ದೂ ನಾಲ್ಕು ದಿನ ತಡೆದು, ತಾಯಿಗೆ ಮಾತ್ರ.

ಅಂದಿನಿಂದ ತಂದೆಯ ಮನಸ್ಸಿನಲ್ಲಿ ಒಂದು ಯೋಚನೆ ಕುಳಿತಿತ್ತು. ಮುಂದಿನ ವರ್ಷ ಹೈಸ್ಕೂಲ್ ಪ್ರವೇಶ ಪರೀಕ್ಷೆ. ಜೊತೆಯ ಹುಡುಗರೆಲ್ಲ ಸಂಜೆ ಟ್ಯೂಷನ್ನಿಗೆ ಹೋಗುತ್ತಿದ್ದಾರೆ. ಪಟ್ಟಿಯಲ್ಲೇ ಇಲ್ಲದ ಆಟಕ್ಕೆ ಇಷ್ಟು ಹೊತ್ತು ಯಾಕೆ ಸುರಿಯಬೇಕು? ಹೊಸ ಶಾಲಾ ವರ್ಷ ಶುರುವಾಗುವ ಏಪ್ರಿಲ್ ಹೊತ್ತಿಗೆ ಈ ಮಾತು ತೆಗೆಯಬೇಕೆಂದು ಅವರು ನಿಶ್ಚಯಿಸಿದ್ದರು.

ಆ ಸಂಜೆ ಇಪ್ಪತ್ತೊಂಬತ್ತು ಹೆಸರುಗಳವರೆಗೆ ತಕರಾರಿರಲಿಲ್ಲ. ಮೂವತ್ತನೆಯದಕ್ಕೆ ಹುಡುಗ 'ಉಕ್ಯೋ ಶೂತೊ' ಎಂದು ಬರೆದ.

'ಇವನು ಎಷ್ಟು ಹೋಮ್ ರನ್ ಹೊಡೆದಿದ್ದಾನೆ?'

'ಹೆಚ್ಚಿಲ್ಲ. ಅವನು ಓಡ್ತಾನೆ.'

ಬೇಸ್‌ಬಾಲ್‌ನಲ್ಲಿ ಬೇಸ್ ತಲುಪಿದ ಬ್ಯಾಟ್ಸ್‌ಮನ್‌ನನ್ನು ಹೊರಗೆ ಕರೆಸಿ, ಅವನ ಜಾಗದಲ್ಲಿ ವೇಗದ ಓಟಗಾರನನ್ನು ನಿಲ್ಲಿಸಬಹುದು. ಅವನಿಗೆ ಗಾಯವಾಗಿರಬೇಕೆಂದಿಲ್ಲ. ಆದರೆ ಹೊರಗೆ ಹೋದವನು ಆ ಪಂದ್ಯಕ್ಕೆ ಮತ್ತೆ ಮರಳುವಂತಿಲ್ಲ. ತಂದೆಗೆ ಇದು ಹಿಡಿಸಲಿಲ್ಲ. 'ದೇಶದ ತಂಡದಲ್ಲಿ ಬರೀ ಓಡೋದಕ್ಕೆ ಒಂದು ಜಾಗ ಯಾರಾದರೂ ಕೊಡ್ತಾರೇನೋ? ಅನುಭವ ಇರೋರನ್ನು ಹಾಕು. ಸಕಾಮೊಟೊ ಇಲ್ವಾ, 2013ರಲ್ಲೂ 2017ರಲ್ಲೂ ಆಡಿದ್ದಾನಲ್ಲ' ಎಂದರು. ಹುಡುಗ ಸ್ವಲ್ಪ ಹೊತ್ತು ಪೆನ್ಸಿಲ್ ತಿರುಗಿಸುತ್ತಾ ಕುಳಿತು, ಶೂತೊ ಹೆಸರನ್ನು ರಬ್ಬರಿನಿಂದ ಅಳಿಸಿದ.

ಜನವರಿ 26ರಂದು ಮೂವತ್ತೂ ಹೆಸರುಗಳು ಹೊರಬಿದ್ದವು. ಹದಿನೈದು ಪಿಚರ್‌ಗಳು, ಮೂವರು ಕೀಪರ್‌ಗಳು. ಹಯಾತೊ ಸಕಾಮೊಟೊ ಇರಲಿಲ್ಲ. ಶೂತೊ ಇದ್ದ. ಹುಡುಗ ಊಹಿಸಿಯೇ ಇರದ ಒಂದು ಹೆಸರೂ ಇತ್ತು: ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಲಾರ್ಸ್ ನೂಟ್‌ಬಾರ್. ಅವನ ತಾಯಿ ಜಪಾನಿನವರು. ಹೆತ್ತವರ ದೇಶಕ್ಕೆ ಆಡಲು ಈ ಪಂದ್ಯಾವಳಿಯ ನಿಯಮ ಅವಕಾಶ ಕೊಡುತ್ತದೆ. ಹಾಗೆ ರಕ್ತಸಂಬಂಧದ ಆಧಾರದ ಮೇಲೆ ಜಪಾನ್ ತಂಡ ಸೇರಿದ ಮೊದಲಿಗ ಅವನೇ.

ತಂದೆಗೆ ಕುತೂಹಲ ಹುಟ್ಟಿ, ರಾತ್ರಿ ಕುಳಿತು ಈ ಹೆಸರುಗಳ ಹಿನ್ನೆಲೆ ಓದತೊಡಗಿದರು. ಜಪಾನಿನ ವೃತ್ತಿಪರ ಬೇಸ್‌ಬಾಲ್‌ನಲ್ಲಿ 2005ರಿಂದ 'ಇಕುಸೇ' ಎಂಬ ವ್ಯವಸ್ಥೆಯಿದೆ. ಮುಖ್ಯ ಆಯ್ಕೆಯಲ್ಲಿ ಯಾರೂ ಆರಿಸದ ಹುಡುಗರನ್ನು ಕಡಿಮೆ ಸಂಬಳಕ್ಕೆ ತೆಗೆದುಕೊಂಡು ಬೆಳೆಸುವ ಪದ್ಧತಿ ಅದು. ಅವರ ಬೆನ್ನ ಮೇಲೆ ಮೂರಂಕಿಯ ಸಂಖ್ಯೆ. ಮುಖ್ಯ ತಂಡದ ಅಧಿಕೃತ ಪಂದ್ಯಗಳಲ್ಲಿ ಆಡುವಂತಿಲ್ಲ. ಶೂತೊ 2017ರಲ್ಲಿ ಆ ಬಾಗಿಲಿನಿಂದ ಒಳಬಂದವನು. ಪಿಚರ್ ಯುಕಿ ಉದಗಾವಾ 2022ರ ಜುಲೈವರೆಗೂ ಅದೇ ಸಾಲಿನಲ್ಲಿದ್ದ. ತಾಯಿಯನ್ನು ನಗಿಸಿದ ಕಾಯಿ, 2010ರಲ್ಲಿ ತನ್ನ ಕ್ಲಬ್ಬು ಆ ಸಾಲಿಗೆ ಆರಿಸಿಕೊಂಡ ಆರು ಮಂದಿಯಲ್ಲಿ ಆರನೆಯವನು. ಫೆಬ್ರವರಿ ಕೊನೆಗೆ ಸೆಯಾ ಸುಜುಕಿ ಗಾಯಗೊಂಡು ಹಿಂದೆ ಸರಿದಾಗ ಅವನ ಬದಲಿಗೆ ಬಂದ ತೈಸೆಯಿ ಮಕಿಹಾರಾ ಅದೇ ಕ್ಲಬ್ಬು ಅದೇ ವರ್ಷ ಆರಿಸಿದ ಐದನೆಯವನು.

ಇಂಥವರನ್ನು ಆರಿಸಿದ ಕುರಿಯಾಮಾ ಯಾರು? ಶಿಕ್ಷಕರನ್ನು ತಯಾರು ಮಾಡುವ ಟೋಕಿಯೊ ಗಾಕುಗೇ ವಿಶ್ವವಿದ್ಯಾಲಯದಲ್ಲಿ ಓದಿದವರು. ಆಟಗಾರನಾಗಿ ಅವರನ್ನು ಯಾವ ಕ್ಲಬ್ಬೂ ಆರಿಸಿರಲಿಲ್ಲ. ಪರೀಕ್ಷಾರ್ಥ ಆಟದಲ್ಲಿ ಪಾಸಾಗಿ ಯಾಕುಲ್ಟ್ ತಂಡ ಸೇರಿದ್ದರು. ತಲೆಸುತ್ತು ತರುವ ಮೆನಿಯೇರ್ ಕಾಯಿಲೆಯೊಡನೆ ಹೆಣಗಿ 1990ರಲ್ಲಿ, ಇನ್ನೂ ಮೂವತ್ತು ತುಂಬದೆಯೇ, ಆಟ ಬಿಟ್ಟರು. ಮುಂದೆ ಹೊಕ್ಕೈಡೊ ತಂಡದ ವ್ಯವಸ್ಥಾಪಕರಾಗಿದ್ದಾಗ, ಹದಿಹರೆಯದ ಓತಾನಿಗೆ ಚೆಂಡೆಸೆತ ಮತ್ತು ಬ್ಯಾಟಿಂಗ್ ಎರಡಕ್ಕೂ ಅವಕಾಶ ಕೊಟ್ಟವರು ಇವರೇ. ತಂದೆ ಓದುವುದನ್ನು ನಿಲ್ಲಿಸಿ, ಮಗ ಮಲಗಿದ್ದ ಕೋಣೆಯ ಕಡೆಗೊಮ್ಮೆ ನೋಡಿದರು.

ಮಾರ್ಚ್ 21 ಜಪಾನಿನಲ್ಲಿ ರಜೆ. ಅಮೆರಿಕದ ಮಯಾಮಿಯಲ್ಲಿ ನಡೆಯುತ್ತಿದ್ದ ಮೆಕ್ಸಿಕೊ ವಿರುದ್ಧದ ಸೆಮಿಫೈನಲ್ ಇಲ್ಲಿ ಬೆಳಿಗ್ಗೆ ಎಂಟಕ್ಕೆ ಟಿ.ವಿ.ಯಲ್ಲಿ ಶುರುವಾಯಿತು. ಉಪ್ಪಿಟ್ಟಿನ ತಟ್ಟೆ ಹಿಡಿದು ಮೂವರೂ ಕುಳಿತರು. ಆ ಬೆಳಿಗ್ಗೆ ಎಲ್ಲರ ಕಣ್ಣು ಮುರಕಾಮಿಯ ಮೇಲೆ. 2022ರ ಜಪಾನ್ ಲೀಗಿನಲ್ಲಿ 56 ಹೋಮ್ ರನ್ ಹೊಡೆದು, ಜಪಾನಿನಲ್ಲಿ ಹುಟ್ಟಿದ ಆಟಗಾರರಲ್ಲಿ ಹೊಸ ದಾಖಲೆ ಬರೆದ ಹುಡುಗ ಈ ಪಂದ್ಯಾವಳಿಯಲ್ಲಿ ತಡವರಿಸುತ್ತಿದ್ದ. ಬ್ಯಾಟಿಂಗ್ ಸರದಿಯಲ್ಲಿ ನಾಲ್ಕರಿಂದ ಐದಕ್ಕೆ ಇಳಿದಿದ್ದ. ಅಂದು ಮೊದಲ ಮೂರು ಸಲವೂ ಚೆಂಡು ತಾಗಿಸಲಾಗದೆ ಔಟಾದ. 'ಇವನನ್ನು ತೆಗೀಬೇಕು' ಎಂದರು ತಂದೆ. ಹುಡುಗ ಮಾತಾಡಲಿಲ್ಲ.

ಕೊನೆಯ, ಒಂಬತ್ತನೆಯ ಇನ್ನಿಂಗ್ಸ್. ಜಪಾನ್ 4, ಮೆಕ್ಸಿಕೊ 5. ಓತಾನಿ ಬಲವಾಗಿ ಹೊಡೆದು ಎರಡನೇ ಬೇಸ್ ತಲುಪಿದ. ಮಸತಾಕಾ ಯೊಶಿದಾಗೆ ನಡೆದೇ ಮೊದಲ ಬೇಸಿಗೆ ಹೋಗುವ ಅವಕಾಶ ಸಿಕ್ಕಿತು. ಆಗ ಕುರಿಯಾಮಾ ಆಟ ನಿಲ್ಲಿಸಿ, ಯೊಶಿದಾನನ್ನು ಒಳಗೆ ಕರೆದು ಓಟಗಾರನನ್ನು ಕಳಿಸಿದರು. ಪರದೆಯ ಮೇಲೆ ಹೆಸರು ಮೂಡಿತು: ಶೂತೊ. ಮುಂದಿನ ಬ್ಯಾಟ್ಸ್‌ಮನ್ ಮುರಕಾಮಿ, ಅವನನ್ನು ಬದಲಿಸಲಿಲ್ಲ. ಎಲ್ಲವನ್ನೂ ನಿನಗೇ ಬಿಟ್ಟಿದ್ದೇನೆ ಎಂಬ ಮಾತನ್ನು ಸಹಾಯಕ ತರಬೇತುದಾರನ ಮೂಲಕ ಅವನಿಗೆ ತಲುಪಿಸಿದ್ದರು.

ಮುರಕಾಮಿ ಹೊಡೆದ ಚೆಂಡು ಮೈದಾನದ ನಡುಭಾಗದ ಮೇಲೆ ಹಾರಿ ಗೋಡೆಗೆ ಬಡಿಯಿತು. ಓತಾನಿ ಓಡಿ ಸಮ ಮಾಡಿದ. ಅವನ ಬೆನ್ನಿಗೇ, ಮೊದಲ ಬೇಸಿನಿಂದ ಹೊರಟ ಶೂತೊ ಮೂರು ಬೇಸ್‌ಗಳ ದೂರವನ್ನು ಒಂದೇ ಉಸಿರಿಗೆ ದಾಟಿ ಬಂದು ಜಾರಿದ. ಆರಕ್ಕೆ ಐದು, ಪಂದ್ಯ ಮುಗಿಯಿತು.

ಮನೆಯಲ್ಲಿ ಕೂಗಾಟವೆಲ್ಲ ಇಳಿದ ಮೇಲೆ ತಂದೆ ಒಳಗೆ ಹೋಗಿ ಗಣಿತದ ನೋಟ್‌ಬುಕ್ಕು ತಂದರು. ಕೊನೆಯ ಪುಟದಲ್ಲಿ ಸಕಾಮೊಟೊ ಹೆಸರಿನಡಿ ಅಳಿಸಿದ ಗುರುತು ಇನ್ನೂ ಕಾಣುತ್ತಿತ್ತು. 'ನೀನು ಸರಿಯಾಗೇ ಬರೆದಿದ್ದೆ. ಅಳಿಸಿದ್ದು ನಾನು ಕಣೋ' ಎಂದರು. ಹುಡುಗ ನಕ್ಕ. 'ಇರಲಿ ಬಿಡಿ ಅಪ್ಪ, ಆಯ್ಕೆ ಮಾಡಿದ್ದು ನೀವಲ್ಲವಲ್ಲ.'

ಮರುದಿನ ಫೈನಲ್ಲಿನಲ್ಲಿ ಜಪಾನ್ 3-2ರಿಂದ ಅಮೆರಿಕವನ್ನು ಸೋಲಿಸಿ ಮೂರನೇ ಸಲ ಪ್ರಶಸ್ತಿ ಗೆದ್ದಿತು. ಕೊನೆಯ ಬ್ಯಾಟ್ಸ್‌ಮನ್ ಮೈಕ್ ಟ್ರೌಟ್‌ನನ್ನು ಔಟ್ ಮಾಡಿದ್ದು, ಆಗ ಅಮೆರಿಕದ ಲೀಗಿನಲ್ಲಿ ಅವನ ತಂಡದಲ್ಲೇ ಆಡುತ್ತಿದ್ದ ಓತಾನಿ. ಶಾಲೆಗಳಲ್ಲಿ ಮಕ್ಕಳು ವಾರಗಟ್ಟಲೆ ಮಾತಾಡಿದ್ದು ಆ ಚೆಂಡಿನ ಬಗ್ಗೆಯೇ. ಈ ಮನೆಯಲ್ಲಿ ಮಾತ್ರ ಶೂತೊನ ಓಟ ಹೆಚ್ಚು ದಿನ ಉಳಿಯಿತು. ಪ್ರತಿಭೆಯುಳ್ಳ ಹತ್ತು ಮಂದಿಯನ್ನು ಯಾರು ಬೇಕಾದರೂ ಪಟ್ಟಿ ಮಾಡಬಹುದು. ಯಾರಲ್ಲಿ ಯಾವ ಗುಣವಿದೆ, ಅದು ಯಾವ ಗಳಿಗೆಗೆ ಒದಗೀತು ಎಂದು ಮುಂಚೆಯೇ ಕಂಡು ಅದಕ್ಕೊಂದು ಜಾಗ ತೆಗೆದಿಡುವುದು ಬೇರೆಯೇ ಕೆಲಸ. ಅಪ್ಪ ಅಮ್ಮಂದಿರಿಗೂ ಆ ಕೆಲಸ ಇರುತ್ತದಲ್ಲವೇ ಎಂದು ತಾಯಿ ಒಂದು ದಿನ ಸುಮ್ಮನೆ ಕೇಳಿದರು.

ಏಪ್ರಿಲ್ ಬಂತು. ಟ್ಯೂಷನ್ನಿನ ಮಾತು ಬಂದದ್ದು ನಿಜ. ಆದರೆ ವಾರಕ್ಕೆ ಎರಡು ದಿನ, ಅದೂ ಅಭ್ಯಾಸ ಮುಗಿಸಿ ಬಂದ ಮೇಲೆ ಎಂದು ತೀರ್ಮಾನವಾಯಿತು.

ಬೇಸಿಗೆ ಟೂರ್ನಿಗೆ ಮುಂಚೆ ಹುಡುಗ ಬಟ್ಟೆಯ ಒಂದು ತುಂಡು ಹಿಡಿದು ಮನೆಗೆ ಬಂದ. ಅದರ ಮೇಲೆ 18 ಎಂದಿತ್ತು, ಪಟ್ಟಿಯ ಕೊನೆಯ ಅಂಕಿ. ತಾಯಿ ಅದನ್ನು ಎರಡು ಸಲ ಬಿಚ್ಚಿ, ಮೂರನೆಯ ಸಲ ನೇರವಾಗಿ ಹೊಲಿದರು. ಪಂದ್ಯದಲ್ಲಿ ಅವನು ಬ್ಯಾಟ್ ಹಿಡಿಯಲಿಲ್ಲ. ಮೂರನೇ ಬೇಸಿನ ಪಕ್ಕ ನಿಂತು, ಓಡಿ ಬರುವ ಗೆಳೆಯರಿಗೆ ನಿಲ್ಲು ಎಂದೋ ನುಗ್ಗು ಎಂದೋ ಕೈಬೀಸಿ ಹೇಳುವ ಕೆಲಸ ಅವನದು. ಅವನು ನುಗ್ಗು ಎಂದ ಇಬ್ಬರೂ ಮನೆ ಮುಟ್ಟಿದರು.

ಆ ಸಂಜೆ ಫೋಟೊ ನೋಡಿದ ಅಜ್ಜಿ ಶಿವಮೊಗ್ಗದಿಂದ ಫೋನ್ ಮಾಡಿದರು. 'ನಮ್ಮ ಹುಡುಗ ಎಷ್ಟು ರನ್ ಹೊಡೆದನೋ?'

'ಅವನು ಹೊಡೀಲಿಲ್ಲಮ್ಮ' ಎಂದರು ತಂದೆ. 'ಓಡಿಸಿದ.'