ನೂರು ಸುತ್ತು

ಹ್ವಾದ ದೀಪಾವಳಿಗೆ ಮಗ ಬಂದಾಗ ಅಟ್ಟದ ಮ್ಯಾಲಿನ ರೆಕಾರ್ಡ್ ಪ್ಲೇಯರ್ ಕೆಳಗ ಇಳಿಸಿದ. ಅವ ಈಗ ಸಣ್ಣ ಸಣ್ಣ ಸಿನಿಮಾಕ್ಕ ಹಿನ್ನೆಲೆ ಸಂಗೀತ ಮಾಡ್ತಾನ. ‘ಅವ್ವಾ, ಅಜ್ಜನ ರೆಕಾರ್ಡ್‌ನ್ಯಾಗಿಂದ ಒಂದೀಟ ತಂಬೂರಿ, ಒಂದೀಟ ತಬಲಾ ಬೇಕಾಗೇದ’ ಅಂದ. ನಾ ಚಕ್ಕಲಿ ಹಿಟ್ಟು ಕಲಸಲಿಕ್ಕೆ ಹತ್ತಿದ್ದೆ. ಏನರ ಮಾಡ್ಕೋಪಾ ಅಂದೆ.

ಆ ರೆಕಾರ್ಡ್ ನಮ್ಮಪ್ಪಂದು. ಲೇಬಲ್ ಮ್ಯಾಲಿನ ಹೆಸರು ಅಳಿಸಿ ಹೋಗೇದ, ಆದ್ರ ಹಾಡಿದಾಕಿ ದನಿ ನನಗ ನಿದ್ದಿಗಣ್ಣಾಗೂ ಗುರ್ತು ಹತ್ತತದ. ಪಿಯುಸಿ ಮುಗಿಯೂತನಕ ದಿನಾ ಅದರ ಜೋಡಿ ಹಾಡಿದಾಕಿ ನಾನು. ಮದುವಿ ಆತು, ಹಾಡೂದು ಬಿಟ್ಟೆ. ಬ್ಯಾಡ ಅಂತ ಯಾರೂ ಅನ್ಲಿಲ್ಲ, ಹಾಡು ಅಂತನೂ ಯಾರೂ ಅನ್ಲಿಲ್ಲ.

ಮಗ ಲ್ಯಾಪ್‌ಟಾಪಿಗೆ ರೆಕಾರ್ಡ್ ಮಾಡಿ ಹಚ್ಚಿದ ಕೂಡ್ಲೆ ನಾ ಒಳಗಿಂದನ ಒದರಿದೆ, ‘ಏ, ಸ್ವರ ಇಳದದಲೋ!’ ಅವ ನಕ್ಕ. ‘ಎಷ್ಟು ವರ್ಷ ಆತವ್ವಾ, ನಿನಗ ನೆನಪಿರತದೇನು?’ ಹಿಟ್ಟಿನ ಕೈ ತೊಳಕೊಂಡು ಬಂದು ಹಾರ್ಮೋನಿಯಂ ಒತ್ತಿ ನೋಡಿದೆ. ಷಡ್ಜ ಬರೋಬ್ಬರಿ ಬಿಳಿ ಐದಕ್ಕ ಕೂತಿತ್ತು. ನನ್ನ ನೆನಪಿನ್ಯಾಗ ಅದು ಕರಿ ನಾಕು.

ಎಲ್‌ಪಿ ಅಂದ್ರ ನಿಮಿಷಕ್ಕ 33⅓ ಸುತ್ತು ತಿರುಗಬೇಕು, ಅಂದ್ರ 3 ನಿಮಿಷಕ್ಕ ಬರೋಬ್ಬರಿ 100. ರೆಕಾರ್ಡಿನ ಅಂಚಿಗೆ ಒಂದು ಬಿಳಿ ಚೀಟಿ ಹಚ್ಚಿದ್ವಿ, ಅವ ಮೊಬೈಲ್‌ನ್ಯಾಗ ಟೈಮ್ ಹಿಡದ, ನಾ ತುಳಸಿಗೆ ಪ್ರದಕ್ಷಿಣಿ ಹಾಕಿದಂಗ ಎಣಿಸಿದೆ. 97 ಬಂತು! ಪ್ಲೇಯರಿನ ಒಳಗಿನ ರಬ್ಬರ್ ಬೆಲ್ಟ್ ಜೋತುಬಿದ್ದಿತ್ತು. ನೂರಕ್ಕ ಮೂರು ಕಮ್ಮಿ ಅಂದ್ರ ಸಣ್ಣ ಮಾತಲ್ಲ ಮತ್ತ, ಬಾಜೂಬಾಜೂ ಇರೋ ಎರಡು ಪಟ್ಟಿ ನಡುವಿನ ಅಂತರದಾಗ ಅರ್ಧ ಇಳದಂಗ.

ಮಗ ಬರೇ ಪಿಚ್ ಏರಸಲಿಕ್ಕೆ ಹೊಂಟಿದ್ದ. ನಾ ಅಂದೆ, ಗಾಲಿನ ನಿಧಾನ ತಿರುಗಿದ್ರ ಸ್ವರ ಅಷ್ಟ ಅಲ್ಲ, ಲಯನೂ ಇಳದಿರತದಲಾ, ಎರಡೂ ಕೂಡೇ ಏರಬೇಕು. ಅವ ಒಂದು ಕ್ಷಣ ನನ್ನ ಮಾರಿ ನೋಡಿದ. ಆಮ್ಯಾಲ ‘ಸ್ಪೀಡ್’ ಅನ್ನೂದನ್ನ ಶೇಕಡಾ 3.1ರಷ್ಟು ಏರಿಸಿದ.

ಆದ್ರೂ ತಂಬೂರಿ ತೊಟ್ಟಿಲಧಂಗ ತೂಗತಿತ್ತು. ಪ್ರತಿ ಸುತ್ತಿಗೆ, ಅಂದ್ರ 1.8 ಸೆಕೆಂಡಿಗೆ, ಒಮ್ಮೆ ಏರೂದು ಒಮ್ಮೆ ಇಳಿಯೂದು. ರೆಕಾರ್ಡಿನ ನಡುವಿನ ತೂತು ಸವದು ದೊಡ್ಡದಾಗಿತ್ತು, ತಟ್ಟಿ ಮ್ಯಾಲ ಒಂದ್ಕಡೆ ಸರದು ಕೂತಿತ್ತು. ಒಂದು ಮಿಲಿಮೀಟರ್ ಸರದ್ರೂ ಕಿವಿಗೆ ಗೊತ್ತಾಗತದ, ಒಳಗಿನ ಗೆರಿಗೆ ಹೋದಂಗ ಇನ್ನೂ ಜಾಸ್ತಿ. ಅದನ್ನ ತನ್ನಷ್ಟಕ್ಕ ತಾನ ಸರಿ ಮಾಡೋ ಸಾಫ್ಟ್‌ವೇರ್ ಹಚ್ಚಿದ ನೋಡ್ರಿ, ಹಾಡಿನ್ಯಾಗಿನ ಮೀಂಡ್ ಎಲ್ಲಾ ಮೆಟ್ಟಲಾ ಆಗಿಬಿಟ್ವು! ಮಶೀನಿಗೆ ಮೀಂಡೂ ತಪ್ಪಾಗೇ ಕಾಣತದ. ಕಡೀಕ ರೆಕಾರ್ಡನ್ನ ಬಟ್ಟಲೆ ಅಷ್ಟಷ್ಟ ಸರಿಸಿ, ಸೂಜಿಯ ಕೈ ಅತ್ತಿತ್ತ ತೂಗೂದು ಕಮ್ಮಿ ಆಗೂತನಕ ನೋಡಿ, ಮತ್ತೊಮ್ಮೆ ರೆಕಾರ್ಡ್ ಮಾಡಿದ್ವಿ.

ತಬಲಾದ್ದು ಬ್ಯಾರೇನ ಜಗಳ. 16 ಮಾತ್ರಾನೂ ಒಂದೊಂದ ಹಿಡದು ಕಂಪ್ಯೂಟರಿನ ಟಿಕ್‌ಟಿಕ್‌ಗೆ ಮೊಳಿ ಹೊಡದ. ಗಿರಣ್ಯಾಗ ಕೂತಂಗ ಅನಸ್ತು. ‘ಸಮ್ ಅಷ್ಟ ಹಿಡಿ, ಈ ಸಮ್‌ನಿಂದ ಮುಂದಿನ ಸಮ್‌ತನಕ ಒಟ್ಟು ಅಳತಿ ಕೂಡ್ಲಿ, ನಡುವ ಅವರು ಹೆಂಗ ಬಾರಿಸ್ಯಾರ ಹಂಗ ಇರ್ಲಿ’ ಅಂದೆ. ಇಷ್ಟಕ್ಕ ಒಪ್ಪಸಲಿಕ್ಕೆ ಎರಡು ಕಪ್ ಚಹಾ ಆತು.

ಎಲ್ಲಾ ಆದ ಮ್ಯಾಲ ನಾ ಠೀವಿಲೆ ಹಾರ್ಮೋನಿಯಂ ಒತ್ತಿದೆ. ಷಡ್ಜ ಕರಿ ನಾಕಕ್ಕ ಬರಲೇ ಇಲ್ಲ! ಬಿಳಿ ಐದು ಮತ್ತ ಕರಿ ನಾಕರ ನಡುವ ನಿಂತುಬಿಡ್ತು. ಮಗ ಮತ್ತೊಮ್ಮೆ ಲೆಕ್ಕ ಹಾಕಿದ, ಲೆಕ್ಕ ಬರೋಬ್ಬರಿನ ಇತ್ತು. ತಪ್ಪಿದ್ದು ನನ್ನ ಕಿವಿನ ಅಂತ ಸುಮ್ಮನ ಚಕ್ಕಲಿ ಕರೀಲಿಕ್ಕೆ ಹ್ವಾದೆ. ಮನಸ್ಸಿಗೆ ಭಾಳ ಹತ್ತಿತು, ಸುಳ್ಳ್ಯಾಕ ಹೇಳಲಿ. ಇದೊಂದರ ನನಗ ಬರ್ತದ ಅಂತ ಇದ್ದೆ.

ಎರಡನೇ ಒಬ್ಬಿ ಎಣ್ಣಿಗೆ ಬಿಡೂವಾಗ ನೆನಪಾತು. ನಮ್ಮಪ್ಪನ ಹತ್ರ ಇದ್ದದ್ದು ಈ ಪ್ಲೇಯರ್ ಅಲ್ಲ, ಅದರಕಿಂತಾ ಹಳೇದು. ಅದರ ಬಾಜೂಕ ಒಂದು ಸಣ್ಣ ಗುಂಡಿ ಇತ್ತು. ನಾ ಹಾರ್ಮೋನಿಯಂ ಮುಂದ ಕೂತ ಮ್ಯಾಲ ಅಪ್ಪ ದಿನಾ ಬಗ್ಗಿ, ಕಿವಿ ಕೊಟ್ಟು, ಆ ಗುಂಡಿ ತಿರುವ್ತಿದ್ದ. ಧೂಳ ಒರಸ್ತಾನ ಅಂದ್ಕೊಂಡಿದ್ದೆ. ಪೆಟ್ಟಿಗಿಯ ಸ್ವರ ಏರಿಸಲಿಕ್ಕೆ ಬರೂದಿಲ್ಲಲಾ, ಅದಕ್ಕ ಆಕಿ ಹಾಡನ್ನ ನನ್ನ ಪಟ್ಟಿಗೆ ತಂದು ಕೂಡಸ್ತಿದ್ದ.

ಝಾರಿ ಹಿಡಕೊಂಡ ಹೊರಗ ಬಂದು ಮಗಗ ಹೇಳಿದೆ. ಅವ ಏನೂ ಅನ್ಲಿಲ್ಲ, ತನ್ನ ಕೆಲಸದ್ದು ತಾ ಇಟ್ಕೊಂಡ. ಊರಿಗೆ ಹೋಗೂ ಮುಂದ ನನ್ನ ಮೊಬೈಲಿಗೆ ಇನ್ನೊಂದು ಫೈಲ್ ಹಾಕಿಕೊಟ್ಟು ಹ್ವಾದ, ಕರಿ ನಾಕರದ್ದು. ಅದಕ್ಕ ‘ಅಜ್ಜನ ಸ್ಪೀಡು’ ಅಂತ ಹೆಸರಿಟ್ಟಾನ. ಮಧ್ಯಾಹ್ನ ಭಾಂಡಿ ತಿಕ್ಕಿದ ಮ್ಯಾಲ ಹಚ್ಚಕೊಂಡು ಕೂಡ್ತೇನಿ. ತಾರ ಷಡ್ಜ ಇನ್ನೂ ಮುಟ್ಟಂಗಿಲ್ಲ.