ಗ್ರೀಸ್ ಡೈರಿ, ಭಾಗ 3: ಒಂದು ದಿನ, ಮೂರು ದ್ವೀಪ

ಅಮ್ಮ ಲಂಡನ್‌ಗೆ ಬರ್ತಾಳೆ ಅಂತ ಎತ್ತಿಟ್ಟಿದ್ದ ರಜೆ ಇದು. ವೀಸಾ ಆಗಲಿಲ್ಲ, ನಿಮಗೆಲ್ಲ ಗೊತ್ತೇ ಇದೆ. ಒಬ್ಬಳೇ ಹೊರಟೆ.

ಅಥೆನ್ಸ್ ಹತ್ತಿರದಿಂದ ಬೆಳಿಗ್ಗೆ ಹೊರಟ ಹಡಗು ಹೈಡ್ರಾ, ಪೋರೊಸ್, ಈಜಿನಾ ಸುತ್ತಿಸಿ ಸಂಜೆ ತಂದುಬಿಟ್ಟಿತು. ಮಧ್ಯೆ ಅಲೆಗೆ ತುಂಬಾ ಜನಕ್ಕೆ ವಾಂತಿ. ರಜೆಯಲ್ಲೂ ಡ್ಯೂಟಿ ಬಿಡಲ್ಲ ನೋಡಿ, ಕವರ್ ಹಂಚಿದವಳು ನಾನೇ!

ಹೈಡ್ರಾದಲ್ಲಿ ಕಸದ ಲಾರಿಯಂಥವು ಬಿಟ್ರೆ ಮೋಟಾರು ಗಾಡಿ ಇಲ್ಲ. ಸಿಮೆಂಟು, ಸೂಟ್‌ಕೇಸು ಎಲ್ಲಾ ಹೇಸರಗತ್ತೆ ಮೇಲೆ. ವಿಡಿಯೋ ಕಾಲ್‌ನಲ್ಲಿ ನಾನು ಸಮುದ್ರ ತೋರಿಸ್ತಿದ್ರೆ ಅಮ್ಮ, "ಆ ಪ್ರಾಣಿಗೆ ನೀರು ಇಟ್ಟಿದ್ದಾರಾ ನೋಡೇ" ಅಂದ್ಲು. ಹೋಗಿ ನೋಡಿ, ತೊಟ್ಟಿ ತೋರಿಸಿದ ಮೇಲೇ ಸಮಾಧಾನ.

ಈಜಿನಾ ಪಿಸ್ತಾಕ್ಕೆ ಹೆಸರುವಾಸಿ. ಅರ್ಧ ಕೆಜಿ ತಗೊಂಡೆ. ಡಿಸೆಂಬರ್‌ನಲ್ಲಿ ನಾನೇ ತರ್ತೀನಿ. ಅಮ್ಮ ಫೇಸ್‌ಬುಕ್‌ನಲ್ಲಿಲ್ಲ, ನೀವ್ಯಾರೂ ಬಾಯಿ ಬಿಡಬೇಡಿ.